ಒಂದಕ್ಷರವೂ ತಪ್ಪಿಲ್ಲ

ಬೆಳಿಗ್ಗೆಯಿಂದ ಐದನೇ ಸಲ ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಚೌಕ ಮೂಡಿತು: 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ. ಕೂಡಲೇ ಅಪ್‌ಡೇಟ್ ಮಾಡಿ.' ನೀಲವ್ವನಿಗೆ ಸಾಕುಸಾಕಾಗಿತ್ತು. ತೀರಿಹೋದ ಅತ್ತೆ ಹಾಡಿದ ಬೀಸುವ ಪದಗಳೆಲ್ಲ ಅದರೊಳಗಿದ್ದವು, ಬೇರೆಲ್ಲೂ ಇರಲಿಲ್ಲ.

"ಒತ್ತಿಬಿಡ್ಲೇನ? ಇಲ್ಲಾಂದ್ರ ಅವ್ವನ ಹಾಡು ಹೋಗ್ತಾವ," ಎಂದ ಗಂಡ.

"ತಡೀರಿ, ಓದ್ತೀನಿ." ರಾತ್ರಿ ಶಾಲೆಯಲ್ಲಿ ಕಲಿತವಳು, ಪರದೆಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

"ಕಳ್ಳರ ಬರವಣಿಗ್ಯಾಗ ತಪ್ಪಿರ್ತಾವಂತ ಪೇಪರಿನ್ಯಾಗ ಬಂದಿತ್ತು. ಇದರಾಗ ಒಂದರ ತಪ್ಪೈತೇನ, ಸಾಲಿ ಅಕ್ಕೋರ?"

"ಒಂದಕ್ಷರನೂ ತಪ್ಪಿಲ್ಲ."

"ಹಂಗಾರ ಒತ್ತತೀನಿ."

ನೀಲವ್ವ ನಿಟ್ಟುಸಿರು ಬಿಟ್ಟು ಅವನ ಕೈಯಿಂದ ಮೌಸ್ ಕಸಿದುಕೊಂಡಳು.

"ತಪ್ಪಿಲ್ಲ, ಅದಕ್ಕ ಒತ್ತಬ್ಯಾಡ್ರಿ. ಖರೇ ಕಂಪನಿಯವ್ರು ಯಾವತ್ತರ ಕನ್ನಡಾ ಸರಿಯಾಗಿ ಬರದಾರೇನ್ರಿ?"