ಮಾಳಿಗೆ ಕೋಣೆಯ ಮೊದಲ ಅತಿಥಿ

ಪ್ರವಾಸಿಗರಿಗೆ ಮನೆಯ ಕೋಣೆ ಬಾಡಿಗೆ ಕೊಡಲು ಪರವಾನಗಿ ಕೇಳಿದ್ದ ದಾಕ್ಷಾಯಿಣಿ ಒಂದು ಝೆರಾಕ್ಸ್ ಮಾಡಿಸಿಕೊಂಡು ಬರುವಷ್ಟರಲ್ಲಿ, ಕೋಣೆ ತಪಾಸಣೆಗೆ ಬಂದಿದ್ದ ಸಾಹೇಬ ಮಾಳಿಗೆಯ ಮಂಚದ ಮೇಲೆ ಕೌದಿ ಹೊದ್ದು ನಿದ್ದೆ ಹೋಗಿದ್ದ.

"ಅತ್ತ್ಯಾರ, ಇದೇನ್ ಮಾಡಿದ್ರಿ?"

"ಕೋಣಿಗಿ ಬಂದ ಮೊದಲ್ನೇ ಪಾವಣ್ಯಾ ಅಲ್ಲೇನ?" ಅಂದಳು ಕಾಳವ್ವ. "ಬಿಸಿ ರೊಟ್ಟಿ, ಎಣಗಾಯಿ ಹಾಕಿದೆ. ಒಲ್ಲೆ ಒಲ್ಲೆ ಅಂದ. ಮೊದಲಿಗೇ ಹೂಂ ಅನ್ನೋರು ಯಾರದಾರ? ಉಂಡ, ಮಲಗಂದೆ, ಮಲಗಿದ."

ದಾಕ್ಷಾಯಿಣಿ ಮೆಟ್ಟಿಲ ಕಡೆ ಓಡಿದಳು. ಪರವಾನಗಿ ಸಿಗದಿದ್ದರೆ ಈ ಕೋಣೆಯಲ್ಲಿ ಮೈದುನ ಮೆಣಸಿನಕಾಯಿ ಚೀಲ ಒಟ್ಟುತ್ತಾನೆಂದು ಮನೆಯಲ್ಲಿ ಮಾತಾಗಿತ್ತು. ಅವಳೋ ಒಗ್ಗರಣೆ ಹಾಕುವಾಗಲೂ ಇದೇ ಕೋಣೆಯ ಕನಸು ಕಾಣುವವಳು. ಯಾವುದೋ ಊರಿನವರು ಬರುತ್ತಾರೆ, ಕಿಟಕಿ ತೆರೆದು ಬೇವಿನ ಗಾಳಿಗೆ ಮುಖ ಒಡ್ಡುತ್ತಾರೆ, ತಮ್ಮೂರಿನ ಸಮುದ್ರದ ಸುದ್ದಿ ಹೇಳುತ್ತಾರೆ. ಧಾರವಾಡ ದಾಟದ ಅವಳಿಗಾಗಿ ಲೋಕವೇ ಮೆಟ್ಟಿಲು ಹತ್ತಿ ಬರುತ್ತದೆ.

ಎಬ್ಬಿಸಲು ಹೋದವಳು ಬಾಗಿಲಲ್ಲೇ ನಿಂತಳು. ಶಿವಯೋಗೀಶ ಸಾಹೇಬ ನಿದ್ದೆಯಲ್ಲಿ ನಗುತ್ತಿದ್ದ. ಬಿಸಿಲು ಗೋಡೆಯಿಂದ ಮೆಲ್ಲಗೆ ಕೌದಿಯ ಮೇಲೆ ಇಳಿಯಿತು. ಎಲೆಗಳ ನೆರಳು ಅವನ ಹಣೆಯ ಮೇಲೆ ಆಡಿತು. ತನ್ನ ಕೋಣೆಯಲ್ಲಿ ಗುರುತಿಲ್ಲದವನೊಬ್ಬ ಇಷ್ಟು ನಿಶ್ಚಿಂತೆಯಿಂದ ಮಲಗಿದ್ದಾನಲ್ಲ! ಸುಳ್ಳೇಕೆ, ಅವಳಿಗೆ ಹಿಗ್ಗಾಯಿತು.

ಎಚ್ಚರಾದ ಮೇಲೂ ಅವನು ಏಳದೆ ಮೇಲೇ ನೋಡುತ್ತಿದ್ದ.

"ಅಮ್ಮಿನಬಾವ್ಯಾಗ ನಮ್ಮವ್ವನ ಮನ್ಯಾಗ ಮಲಗೇನಿ ಅನ್ಕೊಂಡಿದ್ದೆರಿ, ಅಕ್ಕಾರ," ಅಂದ. ಆಮೇಲೆ ಎದ್ದು ಕೂತು, ಕೌದಿ ಮಡಚುತ್ತ, ದನಿ ತಗ್ಗಿಸಿದ. "ಮಂಚದ ಮ್ಯಾಲಿನ ಜಂತಿಗಿ ಗೆದ್ಲ ಹತ್ತೇತ್ರಿ. ಈಗ ಸಹಿ ಹಾಕಾಕ ಬರೂದಿಲ್ಲ."

ಮೆಟ್ಟಿಲು ಹತ್ತಿ ಬಂದ ಕಾಳವ್ವನಿಗೆ ಸಿಟ್ಟು ನೆತ್ತಿಗೇರಿತ್ತು.

"ಉಂಡ ಮನಿ ಜಂತಿ ಎಣಿಸ್ತಾರೇನೋ, ತಮ್ಮಾ?"

ಶಿವಯೋಗೀಶ ತಲೆ ತಗ್ಗಿಸಿದ. "ಎಣಿಸಬಾರ್ದು, ಖರೇ ಐತಿ ಆಯೀ. ಆದ್ರ ನಿಮ್ಮ ಕೈಲೆ ಉಂಡು ಇಲ್ಲಿ ಮಲಗೋರು ಯಾರೂ ಎಣಿಸೂದಿಲ್ಲ. ಅದಕ್ಕ ನಾ ಎಣಿಸಿದೆ."

ಕಾಳವ್ವ ತಲೆ ಎತ್ತಿ ಜಂತಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಮಂಚದ ಆ ತುದಿ ಹಿಡಿ ಎಂದು ಕೈ ಮಾಡಿದಳು. ಇಬ್ಬರೂ ಸೇರಿ ಮಂಚವನ್ನು ಗೋಡೆಯ ಬದಿಗೆ ಸರಿಸಿದರು.

"ನಾಳೆನ ಬಡಿಗ್ಯಾನ್ನ ಕರಿಸಿ ಹೊಸಾ ಜಂತಿ ಹಾಕಸ್ತೇನಿ, ಮತ್ತ ಬಾ ತಮ್ಮಾ," ಅಂದಳು ಕಾಳವ್ವ. "ಅವತ್ತ ಮೊದ್ಲ ಎಣಿಸು. ಆಮ್ಯಾಲ ಉಣ್ಣು."