ಆನೆಗೆ ಹೇಳಿದ ಮಾತು

ಶ್ರೀಲಂಕಾದ ಕಾಡಿನಲ್ಲಿ ಆನೆ ಪೊದೆ ಸರಿಸಿ ಸಫಾರಿ ಜೀಪಿನ ಎದುರು ಬಂದದ್ದೇ ತಡ, ಗುರುವಪ್ಪ ಸೀಟಿನಿಂದೆದ್ದು ಜೀಪಿನ ತಗಡಿಗೆ ಢಣಢಣ ಬಡಿದು, "ಹೋ! ಹೋ! ಹೋಗು ಆಚೆ!" ಎಂದು ಕೂಗಿಯೇಬಿಟ್ಟ. ಅಲ್ಲಿಯ ಡ್ರೈವರ್ ಬೆಚ್ಚಿಬಿದ್ದು ತಿರುಗಿ ನೋಡಿದ.

ಹೆಂಡತಿ ಪ್ರೇಮಾವತಿ ಅಂಗಿ ಜಗ್ಗಿ ಕೂರಿಸಿದಳು. "ಇದು ಬೆಳ್ತಂಗಡಿಯ ನಮ್ಮ ತೋಟ ಅಲ್ಲ ಮಾರಾಯ್ರೆ! ನಾವು ಬಂದದ್ದು ನೋಡ್ಲಿಕ್ಕೆ, ಓಡಿಸ್ಲಿಕ್ಕೆ ಅಲ್ಲ!" ಇಬ್ಬರನ್ನೂ ಕರೆತಂದಿದ್ದ ಮಗಳು ಮೋಕ್ಷಿತಾ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆನೆ ಓಡಲಿಲ್ಲ. ಒಂದು ಹಿಡಿ ಹುಲ್ಲು ಕಿತ್ತು, ಮುಂಗಾಲಿಗೆ ಪಟಪಟ ಹೊಡೆದು ಮಣ್ಣು ಕೊಡವಿ ಬಾಯಿಗಿಟ್ಟುಕೊಂಡಿತು. ಊರಿನಲ್ಲಿ ಗುರುವಪ್ಪ ಕಂಡದ್ದು ಮುರಿದ ಬಾಳೆಗಿಡ, ಲದ್ದಿ, ಟಾರ್ಚಿನ ಬೆಳಕಿಗೆ ಓಡುವ ಬೆನ್ನು, ಅಷ್ಟೇ. "ನೋಡು, ಮಣ್ಣು ಕೊಡವಿ ತಿಂತದೆ! ರೆಪ್ಪೆಯ ಕೂದಲು ಎಷ್ಟು ಉದ್ದ ಉಂಟು ನೋಡು!" ಎಂದ. ಖುಷಿಗೆ ಪ್ರೇಮಾವತಿಯ ತೋಳು ಹಿಡಿದು ಜಗ್ಗಿದ.

ಅಷ್ಟರಲ್ಲಿ ಅದರ ಕಾಲುಗಳ ನಡುವಿನಿಂದ ಮರಿಯೊಂದು ಇಣುಕಿ, ಜೀಪನ್ನೇ ನೋಡುತ್ತಾ ನಿಂತಿತು. ಮೂವತ್ತು ವರ್ಷ ಆನೆಗಳಿಗೆ 'ಹೋಗು' ಎಂದಷ್ಟೇ ಹೇಳಿ ಗೊತ್ತಿದ್ದ ಗುರುವಪ್ಪ, ತಗಡು ಬಡಿದಿದ್ದ ಅದೇ ಕೈಯನ್ನು ಮೆಲ್ಲನೆ ಮುಂದೆ ಚಾಚಿ ಪಿಸುಗುಟ್ಟಿದ: "ಬಾ ಮಗಾ, ಬಾ."