ಹಿಂದಿನ ಕೋಣೆಯ ಗೋಡೆ

“ಬ್ಯಾರನ್ನು ಮನೆ ಗೋಡೆಗೆ ಅಂಟ್ಕೊಂಡದಾ, ದೂರ ಅದಾ ಅಕ್ಕ?” ಎಂದು ವಿಮೆ ಏಜೆಂಟ್ ರವೀಶ ಭಾಗ್ಯಳನ್ನು ಕೇಳಿದ. ಹಿತ್ತಿಲಿನ ಬ್ಯಾರನ್ನಿನಲ್ಲಿ, ಎಂದರೆ ಒಲೆ ಹೂಡಿ ಸೊಪ್ಪು ಒಣಗಿಸುವ ಎತ್ತರದ ಕಟ್ಟಡದಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಹೋದ ವಾರ ಪಕ್ಕದೂರಿನಲ್ಲಿ ಒಂದು ಬ್ಯಾರನ್ನಿಗೆ ಬೆಂಕಿ ಬಿದ್ದು ಮನೆಯೂ ಉರಿದುಹೋಗಿತ್ತು. ಅದನ್ನು ನೋಡಿ ಬಂದ ಮೇಲೆಯೇ ಅವಳು ಕಂಪಲಾಪುರದಿಂದ ರವೀಶನನ್ನು ಕರೆಸಿದ್ದು.

“ದೂರ ಅದೆ ಅಂತ ಬರ್ಕೊಳಿ,” ಎಂದ ಗಂಡ ಜಗದೀಶ.

“ಸುಳ್ಳು ಬರುದ್ರೆ ನಾಳೆ ಏನೂ ಸಿಕ್ಕಲ್ಲ ಕಣಣ್ಣ. ಅಂಟ್ಕೊಂಡದೆ ಅಂತ್ಲೇ ಬರೀತೀನಿ. ಮನೆಗೆ ಮಾತ್ರ ಮಾಡುಸ್ತೀರೋ, ಒಳಗಿನ ಸಾಮಾನಿಗೂ ಸೇರ್ಸಿ ಮಾಡುಸ್ತೀರೋ?”

“ಸಾಮಾನಿಗೂ ಮಾಡಿ,” ಎಂದ ಭಾಗ್ಯ ಹಿಂದಿನ ಕೋಣೆಗೆ ಹೋಗಿ, ಅಲ್ಲಿದ್ದುದನ್ನು ಒಂದೊಂದಾಗಿ ಕೂಗಿ ಹೇಳತೊಡಗಿದಳು. ಬೀರು, ಹೊಲಿಗೆ ಮಿಷನ್ನು, ಮಂಚ. ಮಂಚದ ಮೇಲೆ ಅತ್ತೆ ಮಲಗಿದ್ದರು. ಲಕ್ವ ಹೊಡೆದು ಎರಡು ವರ್ಷವಾಗಿತ್ತು; ತಾವಾಗಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಭಾಗ್ಯ ಮಂಚದಾಚೆಯ, ಬ್ಯಾರನ್ನು ಅಂಟಿಕೊಂಡಿದ್ದ ಗೋಡೆಗೆ ಅಂಗೈಯೂರಿದಳು. ಸುಟ್ಟಂತಾಗಿ ಕೈ ಹಿಂದಕ್ಕೆಳೆದುಕೊಂಡಳು. ಬೇಯಿಸುವ ದಿನಗಳಲ್ಲಿ ಈ ಗೋಡೆ ಬೆಚ್ಚಗಿರುತ್ತದೆ, ಅತ್ತೆಗೆ ಚಳಿಯಾಗುವುದಿಲ್ಲ ಎಂದು ಮಂಚವನ್ನು ಅಲ್ಲಿಗೆ ತಳ್ಳಿಸಿದವಳು ಅವಳೇ.

“ಆಮೇಲೇನಕ್ಕ?” ಎಂದು ರವೀಶ ಪಡಸಾಲೆಯಿಂದ ಕೇಳಿದ.

“ರೀ, ಫಾರಂ ಅತ್ಲಾಗ್ ಬುಟ್ಟು ಬೇಗ ಬನ್ರೀ! ಆ ಕಡೆ ಇಡ್ಕೊಳಿ, ಅತ್ತೆಮ್ಮನ್ನ ಮೊದ್ಲು ಪಡಸಾಲೆಗೆ ಎತ್ತಾನ.”

ಅವಳ ದನಿ ಕೇಳಿ ಜಗದೀಶ ಓಡಿಬಂದ. ರವೀಶನೂ ಪೆನ್ನು ಕೆಳಗಿಟ್ಟು ಬಂದು ಮಂಚಕ್ಕೆ ಕೈಹಾಕಿದ.